ಕದಡಿದ ನೀರಿನ ಫೋಟೊ ತಿಳಿ ಮಾಡುವ ಲೆಕ್ಕ

ಹಂಪಿ ಬಳಿಯ ಸಾಣಾಪುರ ಕೆರೆಯಲ್ಲಿ ಹರಿಗೋಲು ಹತ್ತಿ, ಕೋಲಿಗೆ ಕ್ಯಾಮೆರಾ ಕಟ್ಟಿ ನೀರಿಗೆ ಇಳಿಬಿಟ್ಟಿದ್ದೀರಿ. ಮನೆಗೆ ಬಂದು ನೋಡಿದರೆ ಮೀನೂ ಇಲ್ಲ, ಬಂಡೆಯೂ ಇಲ್ಲ. ಪೂರ್ತಿ ಚಹಾದ ಬಣ್ಣ. ‘ಕೆಂಪು ಹೆಚ್ಚಿಸಿ’ ಎಂದು ಯೂಟ್ಯೂಬ್ ಹೇಳಿದಂತೆ ಮಾಡಿದಿರೋ, ಇನ್ನಷ್ಟು ಕೆಟ್ಟಿತು. ಅದು ಕಡಲಿಗೆ ಹೇಳಿದ ಮದ್ದು.

ತಿಳಿಯಾದ ಕಡಲ ನೀರು ಮೊದಲು ನುಂಗುವುದು ಕೆಂಪು ಬೆಳಕನ್ನು. ಹಾಗಾಗಿ ಅಲ್ಲಿನ ಚಿತ್ರ ನೀಲಿ. ತುಂಗಭದ್ರೆಗೆ ಹೊಸ ನೀರು ಬಂದಾಗ ಹೂಳು, ಕೊಳೆತ ಎಲೆಯ ರಸ ಎಲ್ಲ ಬೆರೆತಿರುತ್ತದೆ; ಅವು ಹೆಚ್ಚಾಗಿ ತಿನ್ನುವುದು ನೀಲಿಯನ್ನು. ಆದ್ದರಿಂದ ಮೊದಲ ಕೆಲಸ, ರೋಗ ಯಾವುದೆಂದು ನೋಡುವುದು. ಉಚಿತವಾಗಿ ಸಿಗುವ ಜಿಂಪ್ ತಂತ್ರಾಂಶದಲ್ಲಿ ಹಿಸ್ಟೋಗ್ರಾಂ (ಯಾವ ಬಣ್ಣ ಎಷ್ಟಿದೆ ಎಂದು ತೋರಿಸುವ ನಕ್ಷೆ) ತೆರೆದು ಕೆಂಪು, ಹಸಿರು, ನೀಲಿಯ ಸರಾಸರಿ ಬರೆದುಕೊಳ್ಳಿ. ಯಾವುದು ಬಡವಾಗಿದೆಯೋ ಅದಕ್ಕೇ ಔಷಧ.

ಎರಡನೆಯದು, ಮಂಜಿನ ತೆರೆ ಸರಿಸುವುದು. ಇಡೀ ಕಸರತ್ತಿನ ಜೀವ ಇಲ್ಲಿದೆ. ಕ್ಯಾಮೆರಾ ಕಂಡದ್ದು ಎರಡರ ಬೆರಕೆ: ವಸ್ತುವಿನ ನಿಜ ಬೆಳಕಿನಲ್ಲಿ ಉಳಿದು ಬಂದ ಪಾಲು, ಜೊತೆಗೆ ಹೂಳಿನ ಕಣಗಳು ಚದುರಿಸಿದ ಬೆಳಕು. ಚಿತ್ರದ ಪ್ರತಿ ಚುಕ್ಕೆಯ ಹೊಳಪಿಗೂ 0ಯಿಂದ 255ರವರೆಗೆ ಒಂದು ಮೌಲ್ಯ ಇರುತ್ತದೆ. ಉಳಿದ ಪಾಲು 0.4 ಎನ್ನಿ, ಏನೂ ಇಲ್ಲದ ದೂರದ ನೀರಿನ ಮೌಲ್ಯ 170. ಕಂಡ ಮೌಲ್ಯದಲ್ಲಿ 170 ಕಳೆದು, 0.4ರಿಂದ ಭಾಗಿಸಿ, ಮತ್ತೆ 170 ಕೂಡಿಸಿ. 150 ಇದ್ದದ್ದು 120 ಆಗುತ್ತದೆ, 160 ಇದ್ದದ್ದು 145. ಹತ್ತರ ಅಂತರ ಇಪ್ಪತ್ತೈದಾಯಿತು. ಮೀನಿನ ರೆಕ್ಕೆ ಕಾಣುವುದು ಹೀಗೆ. ಮೂರೂ ಬಣ್ಣಕ್ಕೆ ಬೇರೆ ಬೇರೆ ಲೆಕ್ಕ ಹಾಕಬೇಕು. ಆದರೆ ಚಿತ್ರದ ಕಾಳುಕಾಳು ಗಲೀಜೂ ಎರಡೂವರೆ ಪಟ್ಟಾಗುತ್ತದೆ, ನೆನಪಿರಲಿ.

ಈ ಪಾಲನ್ನು ಚಿತ್ರದಿಂದಲೇ ಊಹಿಸುವ ‘ಡಾರ್ಕ್ ಚಾನೆಲ್’ ವಿಧಾನವನ್ನು ಕೈಮಿಂಗ್ ಹೆ ಮತ್ತು ಜೊತೆಗಾರರು 2009ರಲ್ಲಿ ಕೊಟ್ಟರು. ಚಿತ್ರದ ಪ್ರತಿ ತುಂಡಿನಲ್ಲೂ ಮೂರು ಬಣ್ಣಗಳ ಪೈಕಿ ಅತಿ ಕಡಿಮೆ ಮೌಲ್ಯ ಹುಡುಕಿ, ಅದು ಹೆಚ್ಚಿದ್ದಷ್ಟೂ ಮಂಜು ಹೆಚ್ಚು ಎನ್ನುವುದು ಅದರ ಲೆಕ್ಕ. ಅದು ಹುಟ್ಟಿದ್ದು ಗಾಳಿಯ ಮಂಜಿಗೆ. ನೀರಿನಲ್ಲಿ ಒಂದು ಬಣ್ಣ ಮೊದಲೇ ಸತ್ತಿದ್ದರೆ ಅದು ‘ಮಂಜೇ ಇಲ್ಲ’ ಎಂದು ಮೋಸ ಹೋಗುತ್ತದೆ. ಸತ್ತ ಬಣ್ಣವನ್ನು ಬಿಟ್ಟು ಉಳಿದೆರಡರಲ್ಲಿ ನಡೆಸಿ.

ತೆರೆ ಸರಿದ ಮೇಲೆ ಬಣ್ಣದ ತಕ್ಕಡಿ. ಸರಾಸರಿ ಕೆಂಪು 120, ಹಸಿರು 105, ನೀಲಿ 60 ಇದ್ದರೆ ಮೂರರ ಸರಾಸರಿ 95. ಕೆಂಪನ್ನು 0.79ರಿಂದ, ಹಸಿರನ್ನು 0.9ರಿಂದ, ನೀಲಿಯನ್ನು 1.58ರಿಂದ ಗುಣಿಸಿ. ‘ಲೋಕವೆಲ್ಲ ಸರಾಸರಿಯಲ್ಲಿ ಬೂದು’ ಎಂಬ ನಂಬಿಕೆ ಇದರ ಬುನಾದಿ. ಚಿತ್ರದ ತುಂಬ ಪಾಚಿಯೇ ಇದ್ದರೆ ಪಾಚಿಯೂ ಬೂದು ಬಣ್ಣಕ್ಕೆ ತಿರುಗೀತು. ನನ್ನ ಉಪಾಯ: ಬಿಳಿ ಟೈಲಿನ ಚೂರೊಂದನ್ನು ಕ್ಯಾಮೆರಾ ಮುಂದೆ ಕಟ್ಟಿ, ಅದರ ಮೂರೂ ಮೌಲ್ಯ ಸಮ ಬರುವಂತೆ ಗುಣಿಸುವುದು.

ಕೊನೆಗೆ, ಚಿತ್ರ ಸಂಸ್ಕರಣೆಯ ಉಚಿತ ತಂತ್ರಾಂಶ ಸಂಗ್ರಹವಾದ ಓಪನ್‌ಸಿವಿಯ ‘ಕ್ಲಾಹೆ’ (CLAHE). ಅದು ಚಿತ್ರವನ್ನು 8×8 ಚೌಕಗಳಾಗಿ ಒಡೆದು, ಕಪ್ಪು-ಬಿಳುಪಿನ ಅಂತರ ಹಿಗ್ಗಿಸುತ್ತದೆ; ಹೊಳಪಿನ ಪದರವನ್ನು ಮಾತ್ರ ಅದಕ್ಕೆ ಕೊಡಿ. ಎಷ್ಟು ಹಿಗ್ಗಿಸಬಹುದೆಂಬ ಅದರ ಮಿತಿ ತಾನಾಗಿ 40ಕ್ಕೆ ಇರುತ್ತದೆ. ನಾನು 2ಕ್ಕೆ ಇಳಿಸುತ್ತೇನೆ.

ಫ್ಲಾಶ್ ಬೇಡ. ಲೆನ್ಸಿನ ಮುಂದಿನ ಹೂಳೇ ಬೆಳಗಿ ಚುಕ್ಕೆ ಚುಕ್ಕೆ ಬೀಳುತ್ತದೆ. ಮೇಲಾಗಿ ಮುದ್ಲಾಪುರದಿಂದ ಕಂಪ್ಲಿವರೆಗಿನ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ತಾಣ, ಅವುಗಳ ಕಣ್ಣಿಗೇಕೆ ಹೊಡೆತ? ಅದರ ಬದಲು ಹತ್ತಿರ ಹೋಗಿ. ಒಂದು ಮೀಟರಿಗೆ 0.4 ಉಳಿಯುವ ಬೆಳಕು ಎರಡಕ್ಕೆ 0.16, ಮೂರಕ್ಕೆ 0.064. ಅಲ್ಲಿಂದಾಚೆ ಭಾಗಿಸುವುದು ಗಲೀಜನ್ನೇ.