ಸರ್ವರ್ ಬದಲಿಸುವಾಗ ಕನ್ನಡ ಕಳೆದುಹೋಗದಂತೆ ನೋಡಿಕೊಂಡಿದ್ದು

ಮಲೆನಾಡು, ಕರಾವಳಿ ಕಡೆಯ ಆಡುಮಾತಿನ ಪದಗಳನ್ನು ಕೂಡಿಹಾಕುವ ಒಂದು ಸಣ್ಣ ಗುಂಪು ನಮ್ಮದು. 2009ರಲ್ಲಿ ಶುರುವಾಯಿತು. ಕೊನೆಗಾರ, ಕೊಟ್ಟೆ, ಚೇಣಿ, ಹೀಗೆ ತೋಟದ ಪದ, ಅಡುಗೆಮನೆ ಪದ, ಗದ್ದೆ ಪದ ಎಲ್ಲ ಸೇರಿ ಈಗ ಸುಮಾರು 9 ಸಾವಿರ ಆಗಿವೆ. ವರ್ಷಕ್ಕೊಮ್ಮೆ ಎಲ್ಲರೂ ಚಂದಾ ಹಾಕುತ್ತೇವೆ, ಆ ದುಡ್ಡಲ್ಲಿ 2 ಜಿಬಿ ಮೆಮೊರಿಯ ಒಂದು ಬಾಡಿಗೆ ಸರ್ವರ್ ನಡೆಯುತ್ತದೆ. ಅದನ್ನು ನೋಡಿಕೊಳ್ಳುವ ಕೆಲಸ ನನ್ನದು.

2023ರ ಮೇ ತಿಂಗಳಿಗೆ ಆ ಸರ್ವರಿನ ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟು 18.04ರ ಉಚಿತ ಬೆಂಬಲ ಮುಗಿಯುತ್ತಿತ್ತು, ಅದೇ ಅಕ್ಟೋಬರಿಗೆ ನಮ್ಮ ಪದಗಳನ್ನೆಲ್ಲ ಇಟ್ಟುಕೊಳ್ಳುವ ಡೇಟಾಬೇಸು ಮೈಎಸ್‌ಕ್ಯುಎಲ್ 5.7 ಕೂಡ ನಿಲ್ಲುವುದಿತ್ತು. ಇದ್ದ ಯಂತ್ರದಲ್ಲೇ ಹೊಸ ಆವೃತ್ತಿಗೆ ಏರಬಹುದಿತ್ತು. ಆದರೆ 18.04ರಿಂದ ನೇರ 22.04ಕ್ಕೆ ಹಾರಲು ಆಗುವುದಿಲ್ಲ, ನಡುವೆ 20.04ರಲ್ಲಿ ಇಳಿದೇ ಹೋಗಬೇಕು. ಅರ್ಧದಾರಿಯಲ್ಲಿ ಕೆಟ್ಟರೆ ಹಿಂದಕ್ಕೆ ಬರುವುದು ಕಷ್ಟ. ಹಾಗಾಗಿ ಹೊಸ ಯಂತ್ರವನ್ನೇ ಎಬ್ಬಿಸಿ, ಹಳೆಯದನ್ನು ಮುಟ್ಟದೆ, ಮೊದಲು ಅಲ್ಲಿ ತಾಲೀಮು ಮಾಡೋಣ ಅಂದುಕೊಂಡೆ. ಆ ಒಂದು ನಿರ್ಧಾರ ನಮ್ಮನ್ನು ಉಳಿಸಿತು.

ಬ್ಯಾಕಪ್ ತಂದು ಹೊಸ ಯಂತ್ರದಲ್ಲಿ ಬಿಚ್ಚಿ ಪುಟ ತೆರೆದರೆ ಒಂದಕ್ಷರ ಕನ್ನಡ ಇಲ್ಲ! ತಲೆ ಮೇಲೆ ಗೆರೆ ಇರುವ ಇಂಗ್ಲಿಷ್ ಎ ಅಕ್ಷರ ಸಾಲುಸಾಲಾಗಿ ನಿಂತಿತ್ತು, ಪ್ರತಿಯೊಂದರ ಪಕ್ಕದಲ್ಲಿ ಪುಟ್ಟದಾಗಿ 2 ಅಥವಾ 3. ಕೈಕಾಲು ತಣ್ಣಗಾಯಿತು. ಹದಿನಾಲ್ಕು ವರ್ಷದ ಕೆಲಸ ಅದು.

ಆಗಿದ್ದೇನೆಂದರೆ, 2009ರಲ್ಲಿ ಕೋಷ್ಟಕಗಳನ್ನು ಮಾಡುವಾಗ ಯಾವ ಲಿಪಿ ಎಂದು ಯಾರೂ ಹೇಳಿರಲಿಲ್ಲ. ಹೇಳದಿದ್ದರೆ ಆಗಿನ ಮೈಎಸ್‌ಕ್ಯುಎಲ್ ತಾನಾಗಿಯೇ ಲ್ಯಾಟಿನ್1 (ಪಶ್ಚಿಮ ಯುರೋಪಿನ ಭಾಷೆಗಳ ಲಿಪಿ) ಎಂದು ಇಟ್ಟುಕೊಳ್ಳುತ್ತಿತ್ತು, ಅಕ್ಷರಗಳನ್ನು ಹೋಲಿಸಿ ಜೋಡಿಸುವ ವರಸೆಯೂ ಸ್ವೀಡಿಷ್ ಭಾಷೆಯದು, ಯಾಕೆಂದರೆ ಆ ಡೇಟಾಬೇಸು ಹುಟ್ಟಿದ್ದು ಸ್ವೀಡನ್ನಿನಲ್ಲಿ. ನಮ್ಮ ಹಳೆಯ ಪ್ರೋಗ್ರಾಮು ಕೂಡ ಲ್ಯಾಟಿನ್ ಎಂದೇ ಮಾತಾಡುತ್ತಿದ್ದರಿಂದ ಹಾಕಿದ ಬೈಟುಗಳು (ಕಂಪ್ಯೂಟರಿನೊಳಗೆ ಅಕ್ಷರ ಕೂರುವ ಸಣ್ಣ ತುಣುಕುಗಳು) ಹಾಕಿದ ಹಾಗೇ ವಾಪಸ್ ಬರುತ್ತಿದ್ದವು, ಪರದೆ ಮೇಲೆ ಕನ್ನಡ ಚೆನ್ನಾಗಿಯೇ ಕಾಣುತ್ತಿತ್ತು. ಹೊಸ ಪ್ರೋಗ್ರಾಮು ಯುಟಿಎಫ್-8, ಅಂದರೆ ಎಲ್ಲ ಭಾಷೆಯ ಲಿಪಿಗಳನ್ನೂ ಹಿಡಿಸುವ ಪದ್ಧತಿ, ಕೇಳಿತು. ಆಗ ಡೇಟಾಬೇಸು ಒಂದೊಂದು ಬೈಟನ್ನೂ ಒಂದೊಂದು ಲ್ಯಾಟಿನ್ ಅಕ್ಷರವೆಂದು ತಿಳಿದು ಬದಲಾಯಿಸಿ ಕೊಟ್ಟಿತು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ (ವ್ಯಂಜನ, ಕೊಂಬು, ಏತ್ವ ಹೀಗೆ ಬಿಡಿಬಿಡಿ ಗುರುತು) 3 ಬೈಟು, ಮೊದಲನೆಯದು ಯಾವಾಗಲೂ ಒಂದೇ, ಅದೇ ಆ ಗೆರೆಯ ಎ. ಎರಡನೆಯದಕ್ಕೆ ಎರಡೇ ರೂಪ. ವ್ಯಂಜನವಾದರೆ ಪುಟ್ಟ 2, ಒತ್ತು ತರುವ ಗುರುತು, ಕೊಂಬು, ಏತ್ವದಂಥವಕ್ಕೆ ಪುಟ್ಟ 3. ಇದು ಗೊತ್ತಾದ ಮೇಲೆ ಸಮಾಧಾನ ಆಯಿತು. ಕನ್ನಡ ಹಾಳಾಗಿರಲಿಲ್ಲ, ತಪ್ಪು ಹೆಸರಿನ ಡಬ್ಬಿಯಲ್ಲಿ ಇತ್ತು ಅಷ್ಟೇ.

ಇಲ್ಲಿ ಒಂದು ಅಪಾಯ ಇದೆ, ಗಮನಿಸಿ. ಕೋಷ್ಟಕವನ್ನು ನೇರವಾಗಿ ಯುಟಿಎಫ್8ಎಂಬಿ4ಗೆ (ಡೇಟಾಬೇಸಿನಲ್ಲಿ ಪೂರ್ತಿ ಯುಟಿಎಫ್-8ರ ಹೆಸರು) ಪರಿವರ್ತಿಸು ಅಂತ ಹೇಳಿದರೆ ಆ ಗೆರೆಯ ಎಗಳೇ ಶಾಶ್ವತವಾಗಿ ಕೂತುಬಿಡುತ್ತವೆ. ಮೊದಲು ಅಂಕಣವನ್ನು ಬೈನರಿ ಮಾಡಬೇಕು, ಅಂದರೆ ಇದು ಯಾವ ಭಾಷೆಯೂ ಅಲ್ಲ, ಬರೀ ಬೈಟು ಎಂದು ಹೇಳಬೇಕು. ಆಮೇಲೆ ಬೈನರಿಯಿಂದ ಯುಟಿಎಫ್8ಎಂಬಿ4ಗೆ. ಎರಡು ಹೆಜ್ಜೆ. ಹೆಸರಿನಲ್ಲಿ ಬರೀ ಯುಟಿಎಫ್8 ಅಂತ ಇರುವುದನ್ನು ಆರಿಸಬೇಡಿ, ಅದರಲ್ಲಿ 4 ಬೈಟಿನ ಇಮೋಜಿ ಹಿಡಿಯುವುದಿಲ್ಲ.

ಇಷ್ಟಾದರೂ ಎರಡು ಕಡೆ ತಡೆಯಿತು. ಹಳೆಯ ಕೋಷ್ಟಕಗಳು ಮೈಐಸ್ಯಾಮ್ ಎಂಬ ಹಳೆಯ ಬಗೆಯವು, ಅದರಲ್ಲಿ ಇಂಡೆಕ್ಸಿನ (ಬೇಗ ಹುಡುಕಲು ಇಡುವ ಸೂಚಿ) ಮಿತಿ 1000 ಬೈಟು. ನಮ್ಮ ಪದದ ಅಂಕಣ 255 ಅಕ್ಷರದ್ದು, ಅಕ್ಷರಕ್ಕೆ 4 ಬೈಟಿನಂತೆ ಗುಣಿಸಿದರೆ 1020. ಇನ್ನೋಡಿಬಿ ಎಂಬ ಹೊಸ ಬಗೆಗೆ ಬದಲಿಸಿದ ಮೇಲೆ ದಾರಿ ಬಿಟ್ಟಿತು. ಆಮೇಲೆ ಒಂದಷ್ಟು ಪದಗಳು ಎರಡೆರಡು ಸಲ ಇವೆ ಎಂದು ಡೇಟಾಬೇಸಿನ ದೂರು. ನೋಡಿದರೆ, ಒತ್ತು ಬರದಂತೆ ತಡೆಯಲು ನಡುವೆ ಹಾಕುವ ಕಾಣದ ಅಕ್ಷರ ಇದೆಯಲ್ಲ, ಒಬ್ಬರು ಅದನ್ನು ಹಾಕಿ ಬರೆದಿದ್ದರು, ಇನ್ನೊಬ್ಬರು ಹಾಕದೆ. ಹೊಸ ವರಸೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಎರಡನ್ನೂ ಒಂದೇ ಪದ ಅನ್ನುತ್ತದೆ. ಇದು ಒಳ್ಳೆಯದೇ ಆಯಿತು, ಇಬ್ಬರ ಅರ್ಥವನ್ನೂ ಒಂದೇ ಕಡೆ ಸೇರಿಸಿದೆವು, ಹುಡುಕಿದರೆ ಈಗ ಹೇಗೆ ಟೈಪ್ ಮಾಡಿದರೂ ಸಿಗುತ್ತದೆ.

ಮನಸ್ಸಿಗೆ ಬೇಜಾರಾದದ್ದು ಬೇರೆ. 61 ಬಳಕೆಯ ವಾಕ್ಯಗಳು ಬೈನರಿಯಿಂದ ಆಚೆ ಬರಲೇ ಇಲ್ಲ. ಲ್ಯಾಟಿನ್ ಡಬ್ಬಿಯಲ್ಲಿ 255 ಅಕ್ಷರ ಎಂದರೆ 255 ಬೈಟು, ಕನ್ನಡದಲ್ಲಿ ಅದು 85 ಸಂಕೇತ. ‘ಕೊಟ್ಟೆ’ ನಮಗೆ ಎರಡೇ ಅಕ್ಷರ, ಆದರೆ ಅದು 6 ಸಂಕೇತ, 18 ಬೈಟು. ಸ್ವಲ್ಪ ಉದ್ದದ ವಾಕ್ಯ ಬರೆದರೆ ಹಳೆಯ ಮೈಎಸ್‌ಕ್ಯುಎಲ್ ಸುಮ್ನೆ ಬಾಲ ಕತ್ತರಿಸಿ ಇಟ್ಟುಕೊಳ್ಳುತ್ತಿತ್ತು. ನಡುವಿನ ಖಾಲಿ ಜಾಗಕ್ಕೆ ಒಂದೇ ಬೈಟು ಆದ್ದರಿಂದ ಕತ್ತರಿ ಎಷ್ಟೋ ಸಲ ಅಕ್ಷರದ ಮಧ್ಯಕ್ಕೇ ಬಿದ್ದಿತ್ತು. ಅವು ವರ್ಷಗಟ್ಟಲೆ ಹಾಗೇ ಇದ್ದವು, ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಆ 61 ವಾಕ್ಯಗಳ ಪಟ್ಟಿ ಮಾಡಿ, ಬರೆದವರಿಗೆಲ್ಲ ಕಳಿಸಿದೆ. ತೀರ್ಥಹಳ್ಳಿ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಫೋನ್ ಮಾಡಿ, “ಇದು ನಮ್ಮಮ್ಮ ಹೇಳ್ತಿದ್ದ ಮಾತು ಕಣಪ್ಪಾ, ಪೂರ್ತಿ ಬರ್ಕೋ” ಅಂತ ಅರ್ಧ ಗಂಟೆ ಕೂತು ಹನ್ನೊಂದು ವಾಕ್ಯ ಹೇಳಿದರು.

ಸ್ಥಳಾಂತರದ ದಿನ ಏನೂ ವಿಶೇಷ ಇರಲಿಲ್ಲ. ಸೈಟಿನ ಹೆಸರು ಬೇಗ ಹೊಸ ಯಂತ್ರದತ್ತ ತಿರುಗಲಿ ಎಂದು ಎರಡು ದಿನ ಮೊದಲೇ ಡಿಎನ್‌ಎಸ್ ಅವಧಿಯನ್ನು 300 ಸೆಕೆಂಡಿಗೆ ಇಳಿಸಿದ್ದೆ. ಭಾನುವಾರ ರಾತ್ರಿ ಹಳೆಯದರಲ್ಲಿ ಬರೆಯುವುದನ್ನು ನಿಲ್ಲಿಸಿ, ಕೊನೆಯ ಬ್ಯಾಕಪ್ ತಂದು, ತಾಲೀಮಿನಲ್ಲಿ ಬರೆದಿಟ್ಟ ಹೆಜ್ಜೆಗಳನ್ನೇ ಒಂದೊಂದಾಗಿ ಮಾಡಿದೆ. ಒಂದೂವರೆ ಗಂಟೆ.

ಮೂರು ವಾರಕ್ಕೆ ಡಿಸ್ಕ್ ತುಂಬಿ ಸೈಟ್ ನಿಂತಿತು. ಮೈಎಸ್‌ಕ್ಯುಎಲ್ 8ರಲ್ಲಿ ಬೈನರಿ ಲಾಗ್ (ಆದ ಬದಲಾವಣೆಗಳನ್ನೆಲ್ಲ ಬರೆದಿಡುವ ಕಡತ) ತಾನಾಗಿಯೇ ಚಾಲೂ ಇರುತ್ತದೆ, 30 ದಿನ ಇಟ್ಟುಕೊಳ್ಳುತ್ತದೆ, 5.7ರಲ್ಲಿ ಹಾಗಿರಲಿಲ್ಲ. ನಮ್ಮಲ್ಲಿ ಯಾರಾದರೂ ಪುಟ ನೋಡಿದರೆ ಎಣಿಕೆ ಒಂದು ಏರುತ್ತದೆ, ಆ ಎಣಿಕೆ ಪದದ ಸಾಲಿನಲ್ಲೇ ಇತ್ತು, ಒಂದು ಅಂಕಿ ಬದಲಾದರೂ ಇಡೀ ಸಾಲು, ಅರ್ಥ ವಿವರಣೆ ಸಮೇತ, ಹಿಂದಿನದೂ ಹೊಸದೂ ಎರಡೂ ಲಾಗಿಗೆ ಹೋಗುತ್ತಿತ್ತು. ಲಾಗನ್ನು 3 ದಿನಕ್ಕೆ ಇಳಿಸಿ, ಎಣಿಕೆಯನ್ನು ಬೇರೆ ಕೋಷ್ಟಕಕ್ಕೆ ಹಾಕಿದೆ. ಮತ್ತೆ ತುಂಬಿಲ್ಲ.

ಈಗ ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಬಿಚ್ಚಿ ಹತ್ತು ಪದ ಓದುತ್ತೇನೆ. ಗಾತ್ರ ಸರಿ ಇದೆಯೇ ಅಂತ ನೋಡುವುದಲ್ಲ, ಕಣ್ಣಿಂದ ಓದುವುದು.

ಆ 61ರಲ್ಲಿ 57 ವಾಕ್ಯಗಳು ಪೂರ್ತಿಯಾಗಿವೆ. ಉಳಿದ ನಾಲ್ಕನ್ನು ಬರೆದವರು ಈಗ ಇಲ್ಲ. ಊಹೆ ಮಾಡಿ ತುಂಬೋಣ ಎಂದು ಕೆಲವರು ಹೇಳಿದರು, ನಾನು ಒಪ್ಪಲಿಲ್ಲ. ಮುರಿದ ಅಕ್ಷರ ತೆಗೆದು, ಅಲ್ಲಿ ಮೂರು ಚುಕ್ಕಿ ಇಟ್ಟಿದ್ದೇನೆ.