ಹಾಡು ನಡುವೆ ನಿಲ್ಲುತ್ತಿತ್ತು: ಮನೆಯ ನೆಟ್‌ವರ್ಕ್ ಸರಿ ಮಾಡಿಕೊಂಡ ಬಗೆ

ನಮ್ಮ ಮನೆಯಲ್ಲಿ ಹಾಡು ಬರುವುದು ಇಂಟರ್ನೆಟ್‌ನಿಂದಲ್ಲ, ನಮ್ಮದೇ ಹಾರ್ಡ್ ಡಿಸ್ಕಿನಿಂದ. ಅಪ್ಪ ಕೂಡಿಟ್ಟ ಸಿಡಿಗಳನ್ನೆಲ್ಲ ಫ್ಲ್ಯಾಕ್ ಫೈಲುಗಳಾಗಿ (ಗುಣಮಟ್ಟ ಕಳೆಯದೆ ಚಿಕ್ಕದಾಗಿಸಿದ ಫೈಲುಗಳು) ಮಾಡಿಟ್ಟಿದ್ದೇನೆ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ದೊರೆಸ್ವಾಮಿ ಅಯ್ಯಂಗಾರರ ವೀಣೆ ಎಲ್ಲವೂ ಅದರಲ್ಲಿವೆ. ಒಂದು ರಾಸ್ಪ್‌ಬೆರಿ ಪೈ 4 (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಮೇಲೆ, ಹಾಡುಗಳನ್ನು ಪ್ಲೇಯರ್‌ಗಳಿಗೆ ಕಳಿಸುವ ಲಿರಿಯನ್ ಮ್ಯೂಸಿಕ್ ಸರ್ವರ್ ಓಡುತ್ತದೆ. ಲಾಜಿಟೆಕ್ ಮೀಡಿಯಾ ಸರ್ವರ್ ಅಂತ ಇದ್ದದ್ದೇ ಇದು, 2024ರಲ್ಲಿ ಹೆಸರು ಬದಲಾಯಿತು. ಕೆಳಗೆ ಹಾಲ್‌ನಲ್ಲಿ ಒಂದು, ಮೇಲಿನ ಕೋಣೆಯಲ್ಲಿ ಒಂದು ಪೈ 3ಬಿ ಪ್ಲಸ್ ಇಟ್ಟು, ಎರಡಕ್ಕೂ ಹಾಡು ನುಡಿಸುವ ಪೈಕೋರ್‌ಪ್ಲೇಯರ್ ತಂತ್ರಾಂಶ ಹಾಕಿದ್ದೇನೆ. ಅಲ್ಲಿಂದ ಡ್ಯಾಕ್ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಸಾಧನ), ಆಂಪ್ಲಿಫೈಯರ್, ಸ್ಪೀಕರ್.

ಕಾಟ ಶುರುವಾದದ್ದು ಸಂಜೆ ಹೊತ್ತು. ವಿಲಂಬಿತದಲ್ಲಿ ತಾನ ಮುಗಿಸಿ ಸಮ್‌ಗೆ (ತಾಳದ ಆವರ್ತನದ ಮೊದಲ ಮಾತ್ರೆಗೆ) ಬರುವಾಗಲೇ ಧ್ವನಿ ನಿಲ್ಲುತ್ತಿತ್ತು. ಎಷ್ಟೋ ಸೆಕೆಂಡ್ ಮೌನ, ಆಮೇಲೆ ಮುಂದುವರಿಕೆ. ಸಿನಿಮಾ ಹಾಡಿನಲ್ಲಾದರೆ ಹೇಗೋ ತಡೆದುಕೊಳ್ಳಬಹುದು. ಖಯಾಲಿನಲ್ಲಿ ಆವರ್ತನವೇ ಮುರಿದ ಮೇಲೆ ಕೇಳುವುದು ಹೇಗೆ? ಇದರ ಜೊತೆಗೆ ಮೇಲಿನ ಕೋಣೆಯ ಪ್ಲೇಯರ್ ಹಗಲಲ್ಲೂ ಆಗಾಗ ನಿಲ್ಲುತ್ತಿತ್ತು. ಅಪ್ಪನ ಫೋನಿನಲ್ಲಿ ಒಮ್ಮೊಮ್ಮೆ ಪ್ಲೇಯರ್‌ಗಳೇ ಕಾಣುತ್ತಿರಲಿಲ್ಲ.

ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ಇಂಟರ್ನೆಟ್ ಪ್ಲಾನ್ ಜಾಸ್ತಿ ಮಾಡಿಸಿ. ಆದರೆ ಮನೆಯ ಡಿಸ್ಕಿನಿಂದ ಮನೆಯ ಸ್ಪೀಕರ್‌ಗೆ ಹೋಗುವ ಹಾಡು ಹೊರಗೆ ಕಾಲಿಡುವುದೇ ಇಲ್ಲ. ಫೈಬರ್ ಕಿತ್ತು ಹಾಕಿದರೂ ಅದು ನುಡಿಯಬೇಕು. ಲೆಕ್ಕವೂ ದೊಡ್ಡದಲ್ಲ. ಸಿಡಿ ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್, ಪ್ರತಿಯೊಂದು 16 ಬಿಟ್, ಎರಡು ಚಾನೆಲ್. ಒಟ್ಟು 1,411 ಕೆಬಿಪಿಎಸ್, ಅಂದರೆ ಸೆಕೆಂಡಿಗೆ ಅಷ್ಟು ಸಾವಿರ ಬಿಟ್. ಫ್ಲ್ಯಾಕ್ ಮಾಡಿದರೆ ಸಾಮಾನ್ಯವಾಗಿ 700ರಿಂದ 1,000ದೊಳಗೆ ಬರುತ್ತದೆ. ಹಳೆಯ ವೈಫೈಗೂ ಇದು ಭಾರವಲ್ಲ. ಇಲ್ಲಿ ಬೇಕಾದದ್ದು ವೇಗಕ್ಕಿಂತ ಹೆಚ್ಚಾಗಿ ಬಿಡುವಿಲ್ಲದ ಹರಿವು. ಸ್ಪೀಡ್ ಟೆಸ್ಟ್ ಆ್ಯಪ್ ಅದನ್ನು ಅಳೆಯುವುದಿಲ್ಲ.

ಇನ್ನೊಂದು ವಾದವೂ ಮನೆಯಲ್ಲಿ ಬಂತು. ರೇಡಿಯೋ ಸ್ಟ್ರೀಮ್ ಚೆನ್ನಾಗಿ ಬರುತ್ತಿದೆ, ಹಾಗಾದರೆ ನೆಟ್‌ವರ್ಕ್ ಸರಿಯಾಗಿಯೇ ಇದೆ ಅಲ್ವಾ ಅಂತ. ಇಂಟರ್ನೆಟ್ ರೇಡಿಯೋ ಬಹುಪಾಲು 64 ಅಥವಾ 128 ಕೆಬಿಪಿಎಸ್‌ನದು. ಅದು ಬಂದು ಫ್ಲ್ಯಾಕ್ ನಿಂತರೆ, ದಾರಿ ಇದೆ ಆದರೆ ಇಕ್ಕಟ್ಟಾಗಿದೆ ಎಂದು ಅರ್ಥ. ನನಗೆ ಅದೇ ಒಳ್ಳೆಯ ಸುಳಿವಾಯಿತು.

ಹಾಗಾಗಿ ದಾರಿಯನ್ನು ತುಂಡು ತುಂಡಾಗಿ ನೋಡಲು ಕೂತೆ. ಡಿಸ್ಕ್, ಸರ್ವರ್, ರೂಟರ್, ಪ್ಲೇಯರ್. ಹಾಲ್‌ನ ಪ್ಲೇಯರ್‌ಗೆ ಲಾಗಿನ್ ಆಗಿ ಅಲ್ಲಿಂದ ರೂಟರ್‌ಗೆ ಪಿಂಗ್ (ಪುಟ್ಟ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ಅಳೆಯುವ ಆದೇಶ) ಹಾಕಿ ಬಿಟ್ಟೆ. ಇನ್ನೊಂದು ಕಿಟಕಿಯಲ್ಲಿ ಸರ್ವರ್‌ನಿಂದ ರೂಟರ್‌ಗೆ. ಹೊರಗಿನ ಯಾವುದೋ ವಿಳಾಸಕ್ಕಲ್ಲ, ರೂಟರ್‌ಗೇ ಹಾಕಬೇಕು. ಬೆಳಿಗ್ಗೆ ಎರಡೂ ಕಡೆ ಕೆಲವೇ ಮಿಲಿಸೆಕೆಂಡ್. ಸಂಜೆ ಅದೇ ಪಿಂಗ್ ನೂರಾರು ಮಿಲಿಸೆಕೆಂಡಿಗೆ ಏರಿತು. ನಡುನಡುವೆ ಉತ್ತರವೇ ಇಲ್ಲ. ಅಲ್ಲಿಗೆ ಡಿಸ್ಕ್, ಡ್ಯಾಕ್, ಆಂಪ್ಲಿಫೈಯರ್ ಎಲ್ಲವನ್ನೂ ಅನುಮಾನದಿಂದ ಕೈಬಿಟ್ಟೆ.

ಇಲ್ಲಿ ಒಂದು ವಿಷಯ ಗಮನದಲ್ಲಿರಲಿ. ಪಿಂಗ್ ಕೆಟ್ಟ ಕ್ಷಣಕ್ಕೇ ಹಾಡು ನಿಲ್ಲುವುದಿಲ್ಲ. ಪ್ಲೇಯರ್ ಒಳಗೆ ಬಫರ್, ಅಂದರೆ ಹಾಡನ್ನು ಮುಂಚಿತವಾಗಿ ತುಂಬಿಟ್ಟುಕೊಳ್ಳುವ ಜಾಗ, ಇರುತ್ತದೆ. 2 ಎಂಬಿ ಬಫರ್ ಇದ್ದರೆ, 800 ಕೆಬಿಪಿಎಸ್ ಹಾಡು ಅದರಲ್ಲಿ ಸುಮಾರು 20 ಸೆಕೆಂಡ್ ನಡೆಯುತ್ತದೆ. ಅಂದರೆ ಹಾಡು ನಿಂತಾಗ ಏನಾಯಿತು ಎಂದು ಹುಡುಕಿದರೆ ಏನೂ ಸಿಗುವುದಿಲ್ಲ, ಅದಕ್ಕೂ ಸ್ವಲ್ಪ ಮುಂಚೆ ಏನಾಯಿತು ಎಂದು ನೋಡಬೇಕು. ಪಿಂಗ್‌ನ ಪ್ರತಿ ಸಾಲಿಗೂ ಸಮಯ ಬೀಳುವಂತೆ ಮಾಡಿ ಫೈಲಿಗೆ ಬರೆಸಿದ್ದು ಇದೇ ಕಾರಣಕ್ಕೆ.

ಸರ್ವರ್ ಪುಸ್ತಕದ ಕಪಾಟಿನಲ್ಲಿ ವೈಫೈ ಮೇಲೆ ಇತ್ತು, ಹಾಲ್‌ನ ಪ್ಲೇಯರ್ ಕೂಡ ವೈಫೈ ಮೇಲೆ. ಎರಡೂ ವೈಫೈನ ಒಂದೇ ಚಾನೆಲ್‌ನಲ್ಲಿ (ರೇಡಿಯೋ ತರಂಗಾಂತರದಲ್ಲಿ) ಇದ್ದರೆ ಪ್ರತಿ ಹಾಡೂ ಗಾಳಿಯಲ್ಲಿ ಎರಡು ಸಲ ಹೋಗುತ್ತದೆ. ಸರ್ವರ್‌ನಿಂದ ರೂಟರ್‌ಗೆ ಒಮ್ಮೆ, ರೂಟರ್‌ನಿಂದ ಪ್ಲೇಯರ್‌ಗೆ ಇನ್ನೊಮ್ಮೆ. ಒಂದು ಹೋಗುವಾಗ ಇನ್ನೊಂದು ಕಾಯಬೇಕು. ಸಾಲದ್ದಕ್ಕೆ ಪೈ ಪಕ್ಕದಲ್ಲೇ ಯುಎಸ್‌ಬಿ 3 ಡಿಸ್ಕ್. ಯುಎಸ್‌ಬಿ 3 ಕೆಲಸ ಮಾಡುವಾಗ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಸ್ ವೈಫೈಯನ್ನು ಕೆಡಿಸುತ್ತದೆ. ಇದನ್ನು ಇಂಟೆಲ್ 2012ರಲ್ಲೇ ಬರೆದು ಪ್ರಕಟಿಸಿತ್ತು. ಸರ್ವರನ್ನು ರೂಟರ್ ಪಕ್ಕಕ್ಕೆ ತಂದು ಕೇಬಲ್ ಹಾಕಿದೆ. ಯಾರಾದರೂ ಕೇಳಿದರೆ ಈಗಲೂ ನಾನು ಹೇಳುವ ಮೊದಲ ಮಾತು ಇದೇ: ಬೇರೆ ಏನನ್ನು ವೈಫೈ ಮೇಲೆ ಇಟ್ಟರೂ ಸರಿ, ಸರ್ವರ್ ಮಾತ್ರ ಕೇಬಲ್ ಮೇಲೆ ಇರಲಿ.

ಸಂಜೆಯ ಕಾಟಕ್ಕೆ ಕಾರಣ ಬೀದಿಯಲ್ಲಿತ್ತು. ಫೋನಿನ ವೈಫೈ ಅನಲೈಜರ್ ತೆರೆದರೆ ಅಕ್ಕಪಕ್ಕದ ಮನೆಗಳ ರೂಟರ್‌ಗಳೆಲ್ಲ 2.4ರಲ್ಲೇ ಗುಂಪುಗೂಡಿದ್ದವು. ಆ ಬ್ಯಾಂಡಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ನಮ್ಮ ರೂಟರ್ ಆಟೋದಲ್ಲಿತ್ತು, 40 ಮೆಗಾಹರ್ಟ್ಸ್ ಅಗಲ ಹಿಡಿದಿತ್ತು. ಅಗಲವನ್ನು 20ಕ್ಕೆ ಇಳಿಸಿ, ಜನ ಕಡಿಮೆ ಇದ್ದ 11ಕ್ಕೆ ನಿಲ್ಲಿಸಿದೆ. ಹಾಲ್‌ನ ಪ್ಲೇಯರ್ ರೂಟರ್ ಇರುವ ಕೋಣೆಯಲ್ಲೇ ಇದ್ದದ್ದರಿಂದ ಅದನ್ನು 5 ಗಿಗಾಹರ್ಟ್ಸ್‌ಗೆ ಹಾಕಿದೆ. ವಿದ್ಯುತ್ ಉಳಿಸಲು ಆಗಾಗ ನಿದ್ದೆ ಹೋಗುವ ಪೈ ವೈಫೈನ ಪವರ್ ಸೇವ್ ಆಫ್ ಮಾಡಿದೆ. ಅಲ್ಲಿಗೆ ಹಾಲ್ ಶಾಂತವಾಯಿತು.

ಮೇಲಿನ ಕೋಣೆ ಮಾತ್ರ ಹಾಗೇ ಉಳಿಯಿತು. ಆರ್‌ಸಿಸಿ ಚಾವಣಿ ದಾಟಿ 5 ಗಿಗಾಹರ್ಟ್ಸ್ ಸರಿಯಾಗಿ ಬರುವುದಿಲ್ಲ ಎಂದು ಅಲ್ಲಿಗೆ ಮೊದಲಿನಿಂದಲೂ ಕೇಬಲ್ ಇತ್ತು. ಮನೆ ಕಟ್ಟುವಾಗಲೇ ಪೈಪಿನಲ್ಲಿ ಎಳೆಸಿದ ಕ್ಯಾಟ್ 5ಇ ನೆಟ್‌ವರ್ಕ್ ಕೇಬಲ್. ಕೇಬಲ್ ಅಂದಮೇಲೆ ಅನುಮಾನ ಬರುವುದೇ ಇಲ್ಲ, ಅಲ್ವಾ? ಆದರೆ ಪ್ಲೇಯರ್‌ನಲ್ಲಿ ನೆಟ್‌ವರ್ಕ್ ಅಂಕಿಅಂಶ ನೋಡಿದರೆ ಎರರ್ ಎಣಿಕೆ ಏರುತ್ತಲೇ ಇತ್ತು. ಒಳ್ಳೆಯ ಕೇಬಲ್‌ನಲ್ಲಿ ಅದು ಸೊನ್ನೆಯಲ್ಲೇ ಇರಬೇಕು. ಲಿಂಕ್‌ನ ವೇಗ ಒಮ್ಮೆ ಸಾವಿರ ಎಂಬಿಪಿಎಸ್‌ಗೆ ಕೂರುತ್ತಿತ್ತು, ಒಮ್ಮೆ ನೂರಕ್ಕೆ, ನಡುವೆ ಬಿದ್ದು ಏಳುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಟೆಸ್ಟರ್ ಹಾಕಿದರು. "ಸಾರ್, ಎಂಟೂ ಲೈಟ್ ಸಾಲಾಗಿ ಬರ್ತಾ ಇದೆ ನೋಡಿ, ಕೇಬಲ್ ಚೆನ್ನಾಗಿದೆ" ಅಂದರು. ಲೈಟ್ ಬರುತ್ತಿದ್ದದ್ದು ನಿಜ.

ಜ್ಯಾಕನ್ನು ಬೆಳಕಿಗೆ ಹಿಡಿದು ಬಣ್ಣ ನೋಡಿದೆ. ಆರೆಂಜ್ ಜೋಡಿ, ಗ್ರೀನ್ ಜೋಡಿ, ಬ್ಲೂ ಜೋಡಿ, ಬ್ರೌನ್ ಜೋಡಿ ಅಂತ ಅಂದವಾಗಿ ಸಾಲಾಗಿ ಕ್ರಿಂಪ್ ಮಾಡಿದ್ದರು. ಎರಡೂ ತುದಿಯಲ್ಲಿ ಹಾಗೇ. ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಆದರೆ ಈಥರ್ನೆಟ್‌ನಲ್ಲಿ 3 ಮತ್ತು 6ನೇ ಪಿನ್ ಒಂದೇ ಜೋಡಿಯ ತಂತಿಗಳಾಗಿರಬೇಕು. ಒಂದಕ್ಕೊಂದು ಹೆಣೆದುಕೊಂಡ ಎರಡು ತಂತಿಯಲ್ಲಿ ಒಂದೇ ಸಿಗ್ನಲ್ ಹೋಗಬೇಕು, ಆಗಲೇ ಪಕ್ಕದ ಗದ್ದಲ ರದ್ದಾಗುವುದು. ಸಾಲಾಗಿ ಹಾಕಿದರೆ 3ಕ್ಕೆ ಗ್ರೀನ್ ಜೋಡಿಯ ತಂತಿ, 6ಕ್ಕೆ ಬ್ಲೂ ಜೋಡಿಯದು. ಹೆಣಿಗೆ ಇದ್ದೂ ಪ್ರಯೋಜನವಿಲ್ಲ. ಅಗ್ಗದ ಟೆಸ್ಟರ್ ನೋಡುವುದು ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದೆಯೇ ಎಂದು ಮಾತ್ರ. ಯಾವುದು ಯಾವುದರ ಜೋಡಿ ಎಂದು ಅದಕ್ಕೆ ಗೊತ್ತಾಗುವುದಿಲ್ಲ.

ಎರಡೂ ತುದಿ ಕತ್ತರಿಸಿ ಹೊಸ ಜ್ಯಾಕ್ ಹಾಕಿದೆವು. ಕ್ರಮ ಇದು: ವೈಟ್ ಆರೆಂಜ್, ಆರೆಂಜ್, ವೈಟ್ ಗ್ರೀನ್, ಬ್ಲೂ, ವೈಟ್ ಬ್ಲೂ, ಗ್ರೀನ್, ವೈಟ್ ಬ್ರೌನ್, ಬ್ರೌನ್. ಎರರ್ ಎಣಿಕೆ ಅಂದಿನಿಂದ ಸೊನ್ನೆ. ಎಲೆಕ್ಟ್ರಿಷಿಯನ್ ಈ ಕ್ರಮವನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋದರು, ನನಗೆ ತುಂಬ ಖುಷಿಯಾಯಿತು.

ಉಳಿದದ್ದು ಅಪ್ಪನ ಫೋನ್. ಫೈಬರ್ ಕಂಪನಿ ಕೊಟ್ಟ ಪೆಟ್ಟಿಗೆಯೇ ಒಂದು ರೂಟರ್, ಅದರ ಹಿಂದೆ ನಾವು ಕೊಂಡ ರೂಟರ್ ಇನ್ನೊಂದು. ಒಂದರ ವಿಳಾಸಗಳು 192.168.1ರಿಂದ ಶುರು, ಇನ್ನೊಂದರವು 192.168.0ರಿಂದ, ಅಂದರೆ ಎರಡು ಬೇರೆ ಬೇರೆ ನೆಟ್‌ವರ್ಕ್. ಅಪ್ಪನ ಫೋನ್ ಪೆಟ್ಟಿಗೆಯ ವೈಫೈ ಹಿಡಿದಾಗ ಸರ್ವರ್ ಕಾಣುತ್ತಿರಲಿಲ್ಲ. ಸರ್ವರ್ ಎಲ್ಲಿದೆ ಎಂದು ಆ್ಯಪ್ ಎಲ್ಲರಿಗೂ ಕೂಗಿ ಕೇಳುತ್ತದೆ. ಆ ಕೂಗು ರೂಟರ್ ದಾಟಿ ಒಳಗೆ ಹೋಗುವುದಿಲ್ಲ. ನಮ್ಮ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಾಯಿಸಿದೆ. ಆಗ ಇಡೀ ಮನೆ ಒಂದೇ ನೆಟ್‌ವರ್ಕ್ ಆಯಿತು. ಪೆಟ್ಟಿಗೆಯಲ್ಲಿ ಅದರ ವೈಫೈ ಆಫ್ ಮಾಡಿದ್ದು, ಸರ್ವರ್‌ಗೂ ಪ್ಲೇಯರ್‌ಗಳಿಗೂ ವಿಳಾಸ ಕಾಯ್ದಿರಿಸಿದ್ದು ಬಿಟ್ಟರೆ ಬೇರೇನೂ ಮುಟ್ಟಬೇಕಾಗಲಿಲ್ಲ.

ಕರೆಂಟ್ ಹೋದಾಗ ಉಳಿಯಲಿ ಎಂದು ಪೆಟ್ಟಿಗೆಗೂ ರೂಟರ್‌ಗೂ 12 ವೋಲ್ಟ್‌ನ ಚಿಕ್ಕ ಯುಪಿಎಸ್ ಹಾಕಿದ್ದೇನೆ. ಸರ್ವರ್ ಪೈಗೆ 5 ವೋಲ್ಟ್ ಬೇಕು, ಅದು ಮನೆಯ ಇನ್ವರ್ಟರ್ ಲೈನಿನಲ್ಲಿದೆ. ರೂಟರ್‌ಗೆ ಫರ್ಮ್‌ವೇರ್ ಅಪ್‌ಡೇಟ್ ಬಂದ ಮೇಲೆ ಚಾನೆಲ್ ಮತ್ತೆ ಆಟೋಗೆ ಹೋಗಿದ್ದನ್ನು ಒಮ್ಮೆ ಕಂಡೆ. ಅಂದಿನಿಂದ ಪ್ರತಿ ಅಪ್‌ಡೇಟ್ ಆದಮೇಲೂ 20 ಮೆಗಾಹರ್ಟ್ಸ್, ಚಾನೆಲ್ 11 ಹಾಗೇ ಇವೆಯೇ ಎಂದು ನೋಡುತ್ತೇನೆ. ಮೇಲೆ ಕೆಳಗೆ ಎರಡೂ ಪ್ಲೇಯರ್‌ಗಳನ್ನು ಸಿಂಕ್ ಮಾಡಿ ಒಂದು ಉದ್ದನೆಯ ರಾಗ ಹಾಕಿ ಬಿಡುತ್ತೇನೆ. ಎಲ್ಲಿಯಾದರೂ ತೊಂದರೆ ಇದ್ದರೆ ಎರಡು ಕೋಣೆಯ ತಬಲ ಹಿಂದೆ ಮುಂದೆ ಆಗುವುದು ಮೆಟ್ಟಿಲ ಮೇಲೆ ನಿಂತರೆ ಕೇಳಿಸುತ್ತದೆ.