ಪಾಠದ ವಿಡಿಯೋ: ಹತ್ತು ನಿಮಿಷ ಸಾಕು

ಶಿಕ್ಷಕ ಗೆಳೆಯರೇ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಪಾಠ ನೋಡಲು ಬಂದು ತರಗತಿಯ ಹಿಂದೆ ಕೂತರೆ ಮಕ್ಕಳೂ ಬದಲಾಗುತ್ತಾರೆ, ನಾವೂ ಬದಲಾಗುತ್ತೇವೆ, ಅಲ್ವಾ? ನನ್ನ ಪಾಠವನ್ನು ನಾನೇ ನೋಡಿ ತಿದ್ದಿಕೊಳ್ಳಲು ನನಗೆ ಮೊಬೈಲ್ ವಿಡಿಯೋ ಜಾಸ್ತಿ ಉಪಯೋಗಕ್ಕೆ ಬಂದಿದೆ.

ಇಡೀ ಪೀರಿಯಡ್ ರೆಕಾರ್ಡ್ ಮಾಡಬೇಡಿ. ನಾವು ಪ್ರಶ್ನೆ ಕೇಳಿ ಮಕ್ಕಳು ಮಾತಾಡುವ ಹತ್ತು ನಿಮಿಷ ಸಾಕು. ಫೋನನ್ನು ಕಿಟಕಿ ಪಕ್ಕ ಅಡ್ಡವಾಗಿ ಇಡಿ, ಬೆಳಕು ಫೋನಿನ ಹಿಂದಿನಿಂದ ಬರಲಿ. ನಿಮಗಿಂತ ಮಕ್ಕಳ ಮುಖ ಕಾಣಬೇಕು. ಫ್ಯಾನ್ ಸದ್ದು ಮಾತನ್ನು ನುಂಗುತ್ತದೆ, ಸಾಧ್ಯವಾದರೆ ಆರಿಸಿ. ಮೊದಲ ಎರಡು ದಿನ ಸುಮ್ನೆ ಫೋನ್ ಇಟ್ಟಿರಿ, ಮಕ್ಕಳಿಗೆ ಅಭ್ಯಾಸವಾಗಲಿ.

ನೋಡುವಾಗ ಒಂದೇ ವಿಷಯ ಹಿಡಿದುಕೊಳ್ಳಿ. ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತೇನೆ ಎಂದು ನಾನು ಎಣಿಸಿದೆ. ಕಾಯುತ್ತಲೇ ಇರಲಿಲ್ಲ! ನಾನೇ ಉತ್ತರ ಹೇಳಿಬಿಡುತ್ತಿದ್ದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಅರ್ಧ ಎತ್ತಿದ ಕೈಯನ್ನು ಇಳಿಸಿದ್ದು ವಿಡಿಯೋದಲ್ಲಿ ಕಂಡಾಗ ನಿಜಕ್ಕೂ ನೋವಾಯಿತು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಇದನ್ನು ತೋರಿಸಿದ್ದರು. ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು 1 ಸೆಕೆಂಡ್. 3 ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ. ಈಗ ನಾನು ಮನಸ್ಸಿನಲ್ಲೇ ಮೂರು ಎಣಿಸುತ್ತೇನೆ.

ಬೇರೆಯವರ ವಿಡಿಯೋ ನೋಡುವವರು ಮೊದಲು ಅವರ ಮಾತು ಕೇಳಿ. ‘ಪಾಠ ಚೆನ್ನಾಗಿತ್ತು’ ಅಂದರೆ ಅವರಿಗೆ ಏನೂ ಸಿಗುವುದಿಲ್ಲ. ವಿಡಿಯೋ ನಿಲ್ಲಿಸಿ, ‘ಈ ಹುಡುಗ ಹೀಗಂದಾಗ ನಿಮಗೆ ಏನನ್ನಿಸಿತು?’ ಎಂದು ಕೇಳಿ.

ಪೋಷಕರ ಒಪ್ಪಿಗೆ ಬೇಕೇ ಬೇಕು. ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಮಾತುಕತೆ ಮುಗಿದ ಮೇಲೆ ಅಳಿಸಿಬಿಡಿ.